ಕಾರ್ಕ್‌ನ ಹಳೇ ಪಬ್‌ಗಳು: ಎಲ್ಲಿ ಕೂರಬೇಕು, ಎಲ್ಲಿಂದ ಎದ್ದು ಬರಬೇಕು

ಐರ್ಲೆಂಡ್ ನೋಡಲು ಬಂದವರು ಡಬ್ಲಿನ್‌ನ ಟೆಂಪಲ್ ಬಾರ್ ಏರಿಯಾಗೆ ಹೋಗಿ, ಆ ಕೆಂಪು ಬಣ್ಣದ ಪಬ್ ಮುಂದೆ ಫೋಟೋ ತೆಗೆಸಿಕೊಂಡು, ಒಂದು ಪೈಂಟ್‌ಗೆ ಅವರು ಹೇಳಿದಷ್ಟು ಕೊಟ್ಟು, ಐರಿಶ್ ಪಬ್ ನೋಡಿದ್ದಾಯ್ತು ಅಂತ ವಾಪಸ್ ಹೋಗುತ್ತಾರೆ. ಹೋಗಲಿ ಬಿಡಿ, ಅವರಿಷ್ಟ. ಆದರೆ ಡಬ್ಲಿನ್‌ನ ಹ್ಯೂಸ್ಟನ್ ಸ್ಟೇಷನ್‌ನಲ್ಲಿ ರೈಲು ಹತ್ತಿದರೆ ಸುಮಾರು ಎರಡೂವರೆ ಗಂಟೆಯಲ್ಲಿ ಕಾರ್ಕ್ ಬರುತ್ತದೆ. ಊರಿನ ನಡುಭಾಗ ಲೀ ನದಿಯ ಎರಡು ಕವಲುಗಳ ಮಧ್ಯೆ ಇದೆ, ಈ ತುದಿಯಿಂದ ಆ ತುದಿಗೆ ಆರಾಮಾಗಿ ನಡೆದೇ ಹೋಗಬಹುದು. ನಾನು ಇಲ್ಲೇ ಕೆಲಸ ಮಾಡಿಕೊಂಡಿದ್ದೇನೆ. ಊರಿಂದ ಯಾರೇ ಬಂದರೂ ಪಬ್ ತೋರಿಸುವ ಜವಾಬ್ದಾರಿ ನನ್ನ ತಲೆಗೇ ಬೀಳುತ್ತದೆ. ಪ್ರತಿಯೊಬ್ಬರಿಗೂ ಅದನ್ನೇ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ.

ತೀರ್ಪು ಮೊದಲೇ ಕೊಡುತ್ತೇನೆ. ಕಾರ್ಕ್‌ನ ಪಬ್ ನೋಡಬೇಕಾದರೆ ವಾರದ ನಡುವೆ, ಕತ್ತಲಾಗುವ ಮುಂಚೆ ಹೋಗಿ. ಶನಿವಾರ ರಾತ್ರಿ ಹೋದರೆ ನಿಮಗೆ ಸಿಗುವುದು ಗದ್ದಲ, ನೂಕಾಟ, ಒಂದು ಡ್ರಿಂಕ್‌ಗೆ ಕಾಲು ಗಂಟೆ ಕಾಯುವುದು. ಬೆಂಗಳೂರಿನ ಪಬ್‌ನಲ್ಲೂ ಅದೇ ಸಿಗುತ್ತದೆ, ಅದಕ್ಕೆ ಇಲ್ಲಿವರೆಗೆ ಬರಬೇಕಾ? ಇಲ್ಲಿನ ಹಳೇ ಪಬ್‌ಗೆ ಜನ ಹೋಗುವುದು ಮಾತಾಡಲು. ಕುಡಿಯುವುದು ಅದರ ನೆಪ.

ಮೊದಲು ಮಟನ್ ಲೇನ್ ಇನ್. ಸೇಂಟ್ ಪ್ಯಾಟ್ರಿಕ್ಸ್ ಸ್ಟ್ರೀಟ್‌ನಿಂದ ಇಂಗ್ಲಿಷ್ ಮಾರ್ಕೆಟ್ ಕಡೆಗೆ ಒಂದು ಸಣ್ಣ ಸಂದಿ ಹೋಗುತ್ತದೆ, ಗೋಡೆ ತುಂಬ ವಾದ್ಯ ನುಡಿಸುವವರ ದೊಡ್ಡ ಚಿತ್ರ. ಮಾರ್ಕೆಟ್ 1788ರದ್ದು. ಆ ಸಂದಿಯಲ್ಲೇ ಈ ಪಬ್. ಒಳಗೆ ಕಾಲಿಟ್ಟ ಮೇಲೆ ಒಂದೆರಡು ನಿಮಿಷ ಏನೂ ಕಾಣುವುದಿಲ್ಲ, ಅಷ್ಟು ಕತ್ತಲೆ. ಮಟಮಟ ಮಧ್ಯಾಹ್ನವೂ ಟೇಬಲ್ ಮೇಲೆ ಮೇಣದಬತ್ತಿ ಉರಿಯುತ್ತಿರುತ್ತದೆ. ಪಕ್ಕದಲ್ಲಿ ತರಕಾರಿ ಚೀಲ ಇಟ್ಟುಕೊಂಡ ಅಜ್ಜಿ, ಮೂಲೆಯಲ್ಲಿ ಪೇಪರ್ ಓದುವ ತಾತ, ಜೊತೆಗೆ ಯೂನಿವರ್ಸಿಟಿ ಹುಡುಗರು. ನೀವು ಒಬ್ಬರೇ ಕೂತಿದ್ದರೆ ಹತ್ತು ನಿಮಿಷದಲ್ಲಿ ಯಾರಾದರೂ ಹವಾಮಾನದ ಬಗ್ಗೆ ಶುರು ಮಾಡುತ್ತಾರೆ. ಕಾರ್ಕ್‌ನವರ ಇಂಗ್ಲಿಷ್ ರಾಗ ಎಳೆದು ಎಳೆದು ಏರಿ ಇಳಿಯುತ್ತದೆ, ಮೊದಲ ಸಲ ಅರ್ಧ ಅರ್ಥ ಆಗುವುದಿಲ್ಲ, ತಲೆ ಆಡಿಸಿದರೆ ಸಾಕು, ಅವರು ಮುಂದುವರಿಸುತ್ತಾರೆ.

ಕುಡಿಯುವವರಿಗೆ ಒಂದು ಮಾತು. ಈ ಊರಲ್ಲಿ ಗಿನ್ನೆಸ್ ಸಿಗುತ್ತದೆ, ಆದರೆ ಗಿನ್ನೆಸ್ ಡಬ್ಲಿನ್‌ನದ್ದು. ಕಾರ್ಕ್‌ಗೆ ತನ್ನದೇ ಎರಡು ಸ್ಟೌಟ್ (ಗಿನ್ನೆಸ್ ಥರದ ಕಪ್ಪು ಬಿಯರ್) ಇವೆ, ಬೀಮಿಶ್ ಮತ್ತು ಮರ್ಫೀಸ್. ಬೀಮಿಶ್ ಶುರುವಾಗಿದ್ದು 1792ರಲ್ಲಿ, ಮರ್ಫೀಸ್ 1856ರಲ್ಲಿ. ಸೌತ್ ಮೇನ್ ಸ್ಟ್ರೀಟ್‌ನಲ್ಲಿದ್ದ ಬೀಮಿಶ್ ಬ್ರೂವರಿ 2009ರಲ್ಲಿ ಮುಚ್ಚಿತು. ಈಗ ಎರಡೂ ಹೈನಕೆನ್ ಕಂಪನಿಯ ಕೈಯಲ್ಲಿವೆ, ಹಳೆ ಶತ್ರುಗಳಿಬ್ಬರೂ ಲೀಟ್ರಿಮ್ ಸ್ಟ್ರೀಟ್‌ನ ಒಂದೇ ಬ್ರೂವರಿಯಿಂದ ಬರುತ್ತಾರೆ. ಆದರೂ ಇಲ್ಲಿಯವರ ಪಂಗಡ ಬದಲಾಗಿಲ್ಲ! ಮರ್ಫೀಸ್ ನಯ, ಸ್ವಲ್ಪ ಸಿಹಿ, ಕಹಿ ಕಡಿಮೆ. ಬೀಮಿಶ್‌ನಲ್ಲಿ ಹುರಿದ ಕಾಫಿ ಬೀಜದ ಕಹಿ ನಾಲಿಗೆ ಮೇಲೆ ನಿಲ್ಲುತ್ತದೆ, ರೇಟೂ ಸಾಮಾನ್ಯವಾಗಿ ಕಡಿಮೆ. ನನ್ನ ವೋಟು ಬೀಮಿಶ್‌ಗೆ. ಫಿಲ್ಟರ್ ಕಾಫಿ ಕುಡಿದು ಬೆಳೆದವರಿಗೆ ಅದು ಬೇಗ ಹಿಡಿಸುತ್ತದೆ.

ಆರ್ಡರ್ ಮಾಡಿದ ತಕ್ಷಣ ಕೈ ಚಾಚಬೇಡಿ. ಬಾರ್‌ನವನು ಗ್ಲಾಸನ್ನು ಓರೆ ಹಿಡಿದು ಮುಕ್ಕಾಲು ತುಂಬಿಸಿ ಕೌಂಟರ್ ಮೇಲೆ ಇಟ್ಟು, ಬೇರೆ ಗಿರಾಕಿ ಕಡೆ ಹೋಗಿಬಿಡುತ್ತಾನೆ. ನಿಮ್ಮನ್ನು ಮರೆತ ಅಂದುಕೊಳ್ಳಬೇಡಿ. ಒಳಗೆ ಕಂದು ನೊರೆ ಗ್ಲಾಸಿನ ಅಂಚಿನಲ್ಲಿ ಕೆಳಗಿಳಿಯುವ ಹಾಗೆ ಕಾಣುತ್ತಾ, ನಿಧಾನವಾಗಿ ತಳದಿಂದ ಕಪ್ಪಾಗುತ್ತಾ ಬರುತ್ತದೆ. ಪೂರ್ತಿ ತಿಳಿಯಾದ ಮೇಲೆ ಅವನೇ ಬಂದು ಉಳಿದಿದ್ದು ತುಂಬಿಸಿ ನೊರೆ ಅಂಚಿಗೆ ತಂದು ಕೊಡುತ್ತಾನೆ. ಇಲ್ಲಿನ ಒಂದು ಪೈಂಟ್ 568 ಮಿಲಿ. ಅಷ್ಟು ಬೇಡವಾದರೆ "ಗ್ಲಾಸ್" ಕೇಳಿ, ಅರ್ಧ ಪೈಂಟ್ ಕೊಡುತ್ತಾರೆ. ಟೇಬಲ್ ಹತ್ತಿರ ಬಂದು ಯಾರೂ ಆರ್ಡರ್ ತೆಗೆದುಕೊಳ್ಳುವುದಿಲ್ಲ, ನೀವೇ ಕೌಂಟರ್‌ಗೆ ಹೋಗಬೇಕು. ಟಿಪ್ಸ್ ಕೊಡಲೇಬೇಕೆಂಬ ಒತ್ತಾಯವಿಲ್ಲ.

ಇನ್ನೊಂದು ವಿಷಯ, ರೌಂಡ್ಸ್. ಗುಂಪಿನಲ್ಲಿ ಒಬ್ಬ ಎಲ್ಲರಿಗೂ ತರುತ್ತಾನೆ, ಆಮೇಲೆ ಇನ್ನೊಬ್ಬ, ಹೀಗೇ. ನಮ್ಮ ಹುಡುಗರು ಫೋನ್ ತೆಗೆದು ತಲೆಗೆ ಎಷ್ಟಾಯಿತು ಅಂತ ಭಾಗ ಹಾಕಲು ಕೂರುತ್ತಾರೆ, ಆಫೀಸಿನ ಐರಿಶ್ ಸಹೋದ್ಯೋಗಿಗಳ ಮುಂದೆ ಅದು ಮುಜುಗರ. ನಿಮ್ಮ ಸರದಿ ಬಂದಾಗ ಸುಮ್ನೆ ಎದ್ದು ಹೋಗಿ ತಂದುಬಿಡಿ. ಕುಡಿಯದವರು ಮೊದಲೇ "ನಾನು ರೌಂಡ್‌ನಲ್ಲಿ ಇಲ್ಲ" ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಕುಡಿಯದವರು ಪಬ್‌ಗೆ ಯಾಕೆ ಹೋಗಬೇಕು ಅಂತ ಕೇಳುತ್ತೀರಿ. ಹೋಗಬೇಕು! ಟಾನೋರಾ ಅಂತ ಕಿತ್ತಳೆ ಬಣ್ಣದ ಸೋಡಾ ಇದೆ, ಕಾರ್ಕ್‌ನದ್ದೇ, ಸಿಹಿ ಸ್ವಲ್ಪ ಜಾಸ್ತಿ. ಆಲ್ಕೋಹಾಲ್ ಇಲ್ಲದ ಬಿಯರ್ ಎಲ್ಲ ಕಡೆ ಇದೆ. ಎಷ್ಟೋ ಕಡೆ ಟೀ ಕೂಡ ಕೊಡುತ್ತಾರೆ, ಅದೂ ಹೆಚ್ಚಾಗಿ ಇದೇ ಊರಿನ ಬ್ಯಾರೀಸ್ ಟೀ, ಕಡಕ್ ಆಗಿರುತ್ತದೆ. ನಮ್ಮ ತಂದೆ ತಾಯಿ ಬಂದಾಗ ಅಮ್ಮ "ಬಾರಿಗೆಲ್ಲ ನಾನು ಬರಲ್ಲ" ಅಂದವರು, ಕೊನೆಗೆ ಓವಲ್ ಅನ್ನುವ ಪಬ್‌ನ ಬೆಂಕಿ ಮುಂದೆ ಟೀ ಕಪ್ ಹಿಡಿದು ಕೂತು ಪಕ್ಕದ ಹೆಂಗಸಿನ ಜೊತೆ ಮೊಮ್ಮಕ್ಕಳ ಫೋಟೋ ಬದಲಾಯಿಸಿಕೊಂಡರು. ಓವಲ್ ಇರುವುದು ಸೌತ್ ಮೇನ್ ಸ್ಟ್ರೀಟ್‌ನಲ್ಲಿ, ಮೊಟ್ಟೆಯಾಕಾರದ ಸೀಲಿಂಗ್‌ನಿಂದ ಬಂದ ಹೆಸರು. ಚಳಿಗಾಲದ ಮಳೆಯಲ್ಲಿ ನಾನು ಮೊದಲು ಹೋಗುವ ಜಾಗ ಅದೇ. ಸಿಗರೇಟು ಹೊಗೆಯ ಭಯ ಬೇಡ, 2004ರ ಮಾರ್ಚ್‌ನಿಂದಲೇ ಈ ದೇಶದ ಪಬ್‌ಗಳ ಒಳಗೆ ಸೇದುವಂತಿಲ್ಲ, ಸೇದುವವರೆಲ್ಲ ಬಾಗಿಲ ಹೊರಗೆ ನಡುಗುತ್ತಾ ನಿಂತಿರುತ್ತಾರೆ. ಮಕ್ಕಳನ್ನೂ ದೊಡ್ಡವರ ಜೊತೆ ರಾತ್ರಿ 9ರವರೆಗೆ ಬಿಡುತ್ತಾರೆ, ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ 10ರವರೆಗೆ.

ಊಟದ ವಿಷಯದಲ್ಲಿ ಮಾತ್ರ ನಿರಾಸೆ. ಹಳೇ ಪಬ್‌ಗಳಲ್ಲಿ ಅನೇಕ ಕಡೆ ಅಡುಗೆಯೇ ಇಲ್ಲ, ಟೇಟೋ ಚಿಪ್ಸ್ ಪ್ಯಾಕೆಟ್ ಮತ್ತು ಕಡಲೆಕಾಯಿ, ಮುಗಿಯಿತು. ವಿನ್‌ಥ್ರಪ್ ಸ್ಟ್ರೀಟ್‌ನ ಲಾಂಗ್ ವ್ಯಾಲಿಗೆ ಸ್ಯಾಂಡ್‌ವಿಚ್‌ನಿಂದಲೇ ಹೆಸರು. ಬಾರ್‌ನವರು ಹಳೇ ಕಾಲದ ಹಾಗೆ ಬಿಳಿ ಕೋಟು ಹಾಕಿಕೊಂಡು, ದಪ್ಪ ದಪ್ಪ ಬ್ರೆಡ್ ಮಧ್ಯೆ ತುಂಬಿಸಿ ಕೊಡುತ್ತಾರೆ. ಮಾಂಸ ತಿನ್ನುವವರಿಗೆ ಹಬ್ಬ. ಅದರಲ್ಲಿ ದನದ ಮಾಂಸ, ಹಂದಿ ಮಾಂಸ ಎರಡೂ ಇರುತ್ತವೆ, ಕೇಳಿ ತೆಗೆದುಕೊಳ್ಳಿ. ಸಸ್ಯಾಹಾರಿಗಳಿಗೆ ಚೀಸ್ ಸ್ಯಾಂಡ್‌ವಿಚ್ ಬಿಟ್ಟರೆ ಗತಿಯಿಲ್ಲ, ಹೊಟ್ಟೆ ತುಂಬಿಸಿಕೊಂಡೇ ಹೋಗುವುದು ಒಳ್ಳೆಯದು. ನಾರ್ತ್ ಮಾಲ್‌ನ ಫ್ರಾನ್ಸಿಸ್ಕನ್ ವೆಲ್‌ನಲ್ಲಿ ಹಿಂದಿನ ಅಂಗಳದಲ್ಲಿ ಕೂತು ಪಿಜ್ಜಾ ತಿನ್ನಬಹುದು, ಬಿಸಿಲಿದ್ದರೆ ಚೆನ್ನಾಗಿರುತ್ತದೆ, ಬಿಸಿಲಿರಬೇಕಷ್ಟೆ.

ಈಗ ಸಂಗೀತ. ಇದಕ್ಕೆ ಮಾತ್ರ ನಾನು ರಾತ್ರಿ ಒಂಬತ್ತರ ಮೇಲೆ ಹೊರಗೆ ಹೋಗುತ್ತೇನೆ. ನದಿ ದಾಟಿದರೆ ಕೋಬರ್ಗ್ ಸ್ಟ್ರೀಟ್‌ನಲ್ಲಿ ಶಿನ್ ಏ ಮತ್ತು ಕಾರ್ನರ್ ಹೌಸ್, ಅಕ್ಕಪಕ್ಕದಲ್ಲೇ ಇವೆ. ಶಿನ್ ಏ 1889ರಿಂದ ಇದೆ, ಗೋಡೆಯಲ್ಲಿ ಒಂದು ಗೇಣು ಜಾಗ ಬಿಡದೆ ಪೋಸ್ಟರು, ಕಾರ್ಡು ಅಂಟಿಸಿದ್ದಾರೆ. ಇಲ್ಲಿ ಸ್ಟೇಜ್ ಇಲ್ಲ, ಟಿಕೆಟ್ ಇಲ್ಲ, ಮೈಕ್ ಕೂಡ ಬೇಕಿಲ್ಲ. ಮೂಲೆಯ ಟೇಬಲ್ ಸುತ್ತ ನಾಲ್ಕೈದು ಜನ ಪಿಟೀಲು, ಕೊಳಲು, ಕಾನ್ಸರ್ಟೀನಾ (ಕೈಯಲ್ಲಿ ಹಿಡಿದು ನುಡಿಸುವ ಪುಟ್ಟ ಹಾರ್ಮೋನಿಯಂ ಥರದ್ದು) ತೆಗೆದು ಕೂರುತ್ತಾರೆ. ನಿಮಗೆ ಬೆನ್ನು ಹಾಕಿ, ಅವರವರ ಮುಖ ನೋಡಿಕೊಂಡು ನುಡಿಸುತ್ತಾರೆ. ಒಬ್ಬರು ಒಂದು ಟ್ಯೂನ್ ಎತ್ತಿಕೊಂಡರೆ ಮಿಕ್ಕವರು ಒಂದು ಸುತ್ತು ಕೇಳಿ ಸೇರಿಕೊಳ್ಳುತ್ತಾರೆ. ಮೂರು ಸುತ್ತು ಆದ ಮೇಲೆ ಒಬ್ಬ ಹುಬ್ಬು ಹಾರಿಸುತ್ತಾನೆ, ಅಷ್ಟೇ ಸನ್ನೆ, ಎಲ್ಲರೂ ಒಂದೇ ಉಸಿರಿನಲ್ಲಿ ಮುಂದಿನ ಟ್ಯೂನ್‌ಗೆ ಜಾರುತ್ತಾರೆ. ಕಾರ್ಕ್, ಕೆರಿ ಗಡಿಯ ಸ್ಲೀವ್ ಲೂಕ್ರ ಸೀಮೆಯ ಪೋಲ್ಕಾ ಅನ್ನುವ ಚುರುಕು ಕುಣಿತದ ಟ್ಯೂನ್‌ಗಳು ಇಲ್ಲಿ ಜಾಸ್ತಿ ಕೇಳಿಸುತ್ತವೆ, ಕೂತಲ್ಲೇ ಕಾಲು ತಾಳ ಹಾಕುತ್ತದೆ. ಬೌರಾನ್ ಅಂತ ಮೇಕೆ ಚರ್ಮದ ತಮಟೆ ಥರದ ವಾದ್ಯ ಇರುತ್ತದೆ, ಒಬ್ಬರೇ ನುಡಿಸುವುದು ವಾಡಿಕೆ. ಎರಡನೆಯವನು ಬೌರಾನ್ ಹಿಡಿದು ಬಂದರೆ ಪಿಟೀಲಿನವರ ಮುಖ ನೋಡಬೇಕು!

ಆ ಟೇಬಲ್ ಖಾಲಿ ಇದ್ದರೂ ಅಲ್ಲಿ ಕೂರಬೇಡಿ, ಅದು ಅವರದ್ದು. ಮುಖಕ್ಕೆ ಫೋನ್ ಹಿಡಿದು ವಿಡಿಯೋ ಮಾಡಬೇಡಿ. ತಾಳ ಗೊತ್ತು ಅಂತ ಜೋರಾಗಿ ಚಪ್ಪಾಳೆ ತಟ್ಟಬೇಡಿ. ವಾದ್ಯ ನುಡಿಯುವಾಗ ಮೆಲ್ಲಗೆ ಮಾತಾಡಿದರೆ ನಡೆಯುತ್ತದೆ, ಆದರೆ ಯಾರಾದರೂ ವಾದ್ಯವಿಲ್ಲದೆ ಒಬ್ಬರೇ ಹಾಡಲು ಶುರು ಮಾಡಿದರೆ ಇಡೀ ಪಬ್ ಬಾಯಿ ಮುಚ್ಚುತ್ತದೆ, ನೀವೂ ಮುಚ್ಚಿ. ಯಾವ ದಿನ ಸೆಷನ್ (ಹೀಗೆ ಕೂತು ನುಡಿಸುವುದಕ್ಕೆ ಇಲ್ಲಿನ ಹೆಸರು) ಇದೆ ಅಂತ ಹೋಗುವ ಮುಂಚೆ ಕೇಳಿಕೊಳ್ಳಿ, ಎಲ್ಲ ದಿನವೂ ಇರುವುದಿಲ್ಲ.

ಇದಕ್ಕೆ ಉಲ್ಟಾ, ಪೇಟೆ ನಡುವೆ ಒಂದು ಪಬ್ ಇದೆ, ಹೆಸರು ಬೇಡ. ಹೊರಗೆ ಹಸಿರು ಬೋರ್ಡು, "ಪ್ರತಿದಿನ ಲೈವ್ ಐರಿಶ್ ಮ್ಯೂಸಿಕ್" ಅಂತ ಬೇರೆ ಬರೆದಿದ್ದಾರೆ. ಒಳಗೆ ಒಬ್ಬ ಗಿಟಾರ್ ಹಿಡಿದು ದೊಡ್ಡ ಸ್ಪೀಕರ್‌ನಲ್ಲಿ ರೇಡಿಯೋದ ಹಳೇ ಅಮೆರಿಕನ್ ಹಾಡು ಹಾಡುತ್ತಿದ್ದ. ಪಕ್ಕದಲ್ಲಿ ಕೂತ ಗೆಳೆಯನ ಜೊತೆ ಮಾತಾಡಲು ನಾನು ಮೆಸೇಜ್ ಕಳಿಸಬೇಕಾಯಿತು. ಸ್ಪೀಕರ್ ಕಂಡರೆ ಅಲ್ಲಿಂದಲೇ ತಿರುಗಿ ಬನ್ನಿ, ಅಷ್ಟು ಸುಲಭದ ಗುರುತು.

ತಡರಾತ್ರಿ ಬೇಕೇ ಬೇಕು ಅನ್ನುವವರಿಗೆ: ಮಾಮೂಲಿ ಪಬ್‌ಗಳಲ್ಲಿ ವಾರದ ದಿನ ರಾತ್ರಿ 11:30ಕ್ಕೆ, ಶುಕ್ರವಾರ ಶನಿವಾರ 12:30ಕ್ಕೆ ಕೊಡುವುದು ನಿಲ್ಲಿಸುತ್ತಾರೆ, ಕೈಯಲ್ಲಿರುವುದನ್ನು ಮುಗಿಸಲು ಅರ್ಧ ಗಂಟೆ. ಭಾನುವಾರ 11ಕ್ಕೇ. ಆಮೇಲೆ ಕ್ರೇನ್ ಲೇನ್ ಥಿಯೇಟರ್‌ನಂಥ ಕಡೆ ಬ್ಯಾಂಡು, ಡಿಜೆ, ಕುಣಿತ. ನನಗೆ ವಯಸ್ಸಾಯಿತೋ ಏನೋ, ಅದಕ್ಕಿಂತ ಪೆಂಬ್ರೋಕ್ ಸ್ಟ್ರೀಟ್‌ನ ಆರ್ಥರ್ ಮೇನ್ಸ್ ಇಷ್ಟ. ಹಳೇ ಔಷಧಿ ಅಂಗಡಿಯನ್ನು ಹಾಗೇ ಉಳಿಸಿಕೊಂಡು ವೈನ್ ಬಾರ್ ಮಾಡಿದ್ದಾರೆ, ಕಪಾಟಿನಲ್ಲಿ ಹಳೇ ಔಷಧಿ ಬಾಟಲಿಗಳು ಇನ್ನೂ ಇವೆ. ನೈಟ್‌ಕ್ಲಬ್‌ಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಬಾಗಿಲಲ್ಲಿ ವಯಸ್ಸಿನ ಪುರಾವೆ ಕೇಳುತ್ತಾರೆ, ಫೋನಿನಲ್ಲಿರುವ ಪಾಸ್‌ಪೋರ್ಟ್ ಫೋಟೋ ನಂಬಿಕೊಂಡು ಹೋಗಬೇಡಿ. ಓದಲು ಬಂದ ಹುಡುಗರು ಚಳಿಯಲ್ಲಿ ಕ್ಯೂ ನಿಂತು ವಾಪಸ್ ಬಂದದ್ದನ್ನು ನೋಡಿದ್ದೇನೆ.

ಅಕ್ಟೋಬರ್ ಕೊನೆಯ ಜಾಝ್ ಹಬ್ಬದ ವಾರಾಂತ್ಯದಲ್ಲಿ ಈ ಲೆಕ್ಕವೆಲ್ಲ ತಲೆಕೆಳಗು. 1978ರಲ್ಲಿ ಒಂದು ಹೋಟೆಲ್‌ನವರು ರಜೆಯಲ್ಲಿ ಖಾಲಿ ಬೀಳಲಿದ್ದ ರೂಮು ತುಂಬಿಸಲು ಶುರು ಮಾಡಿದ್ದು, ಈಗ ಇಡೀ ಊರೇ ತುಂಬುತ್ತದೆ. ರೂಮಿನ ರೇಟು ಕೇಳಿದರೆ ತಲೆ ತಿರುಗುತ್ತದೆ. ಜಾಝ್ ಬೇಕಾದರೆ ಬನ್ನಿ, ಹಳೇ ಪಬ್ ನೋಡಲು ಆ ವಾರ ಬೇಡ.

ಮನೆಗೆ ಹೋಗುವ ಚಿಂತೆ ಬ್ಯಾಲಿನ್‌ಕಾಲಿಗ್, ಡಗ್ಲಸ್, ಕ್ಯಾರಿಗಲೈನ್ ಕಡೆಯವರಿಗೆ ಇಲ್ಲ. 220 ನಂಬರ್ ಬಸ್ಸು 24 ಗಂಟೆಯೂ ಓಡುತ್ತದೆ. ಮಿಕ್ಕವರು ಟ್ಯಾಕ್ಸಿ ಮೊದಲೇ ಹೇಳಿಟ್ಟುಕೊಳ್ಳಿ, ಎಲ್ಲ ಕಡೆ ಒಟ್ಟಿಗೆ ಬಾಗಿಲು ಹಾಕುವ ಹೊತ್ತಿಗೆ ಸಿಗುವುದು ಕಷ್ಟ. ಕಾರಂತೂ ತರಲೇಬೇಡಿ, ಇಲ್ಲಿ ಗಾಡಿ ಓಡಿಸುವವರ ರಕ್ತದಲ್ಲಿ ಆಲ್ಕೋಹಾಲ್ ಮಿತಿ 100 ಮಿಲಿಗೆ 50 ಮಿಗ್ರಾಂ, ಹೊಸ ಲೈಸೆನ್ಸಿನವರಿಗೆ ಬರೀ 20.