ಅನ್‌ಲಿಮಿಟೆಡ್ ಫೈಬರ್ ಅಂತ ಆರು ತಿಂಗಳ ದುಡ್ಡು ಒಟ್ಟಿಗೆ ಕಟ್ಟೋ ಮೊದ್ಲು ಇದನ್ನ ಓದಿ

ಮನೆಗೆ ಹೊಸ ಫೈಬರ್ ಕನೆಕ್ಷನ್ ಹಾಕಿಸ್ತಾ ಇರೋರು ದಯವಿಟ್ಟು ಎರಡು ಪ್ರಶ್ನೆ ಕೇಳದೆ ಒಂದ್ ರೂಪಾಯಿನೂ ಕೊಡ್ಬೇಡಿ. ತಿಂಗಳಿಗೆ ಎಷ್ಟು ಜಿಬಿ ಆದ್ಮೇಲೆ ಸ್ಪೀಡ್ ಇಳಿಸ್ತೀರಾ? ಇಳಿಸಿದ್ಮೇಲೆ ಎಷ್ಟು ಸ್ಪೀಡ್ ಕೊಡ್ತೀರಾ? ಉತ್ತರ ಬಾಯಿಮಾತಲ್ಲಿ ಬೇಡ, ವಾಟ್ಸಾಪಲ್ಲೋ ರಸೀದಿ ಮೇಲೋ ಬರೆದು ಕೊಡ್ಲಿ.

ನಾವಿರೋದು ತುಮಕೂರಲ್ಲಿ. ನಮ್ಮ ಏರಿಯಾದ ಕೇಬಲ್‌ನವರೇ ಒಂದು ಕಂಪನಿಯ ಫೈಬರ್ ಕೊಡ್ತಾರೆ. ಪಾಂಪ್ಲೆಟ್ ತುಂಬಾ 100 ಎಂಬಿಪಿಎಸ್, ಅನ್‌ಲಿಮಿಟೆಡ್ ಡೌನ್‌ಲೋಡ್ ಅಂತ ದಪ್ಪ ದಪ್ಪ ಅಕ್ಷರ. "ಲಿಮಿಟ್ ಏನಾದ್ರೂ ಇದ್ಯಾ" ಅಂತ ನನ್ನ ಹೆಂಡ್ತಿ ಬಾಯಿಬಿಟ್ಟು ಕೇಳಿದ್ಲು, "ಏನೂ ಇಲ್ಲ ಮೇಡಂ, ಎಷ್ಟು ಬೇಕಾದ್ರೂ ಯೂಸ್ ಮಾಡಿ" ಅಂದ್ರು. ಆರು ತಿಂಗಳದ್ದು ಒಟ್ಟಿಗೆ ಕಟ್ಟಿದ್ರೆ ಇನ್‌ಸ್ಟಾಲೇಶನ್ ಫ್ರೀ ಅಂದ್ರು, ಕಟ್ಟಿದ್ವಿ.

ಶುರುನಲ್ಲಿ ಚೆನ್ನಾಗೇ ಬರ್ತಿತ್ತು. ತಿಂಗಳ ಕೊನೆ ಬರ್ತಿದ್ದಂಗೆ ಆಫೀಸ್ ಮೀಟಿಂಗಲ್ಲಿ ನನ್ನ ಮುಖ ಫ್ರೀಜ್, ಮಾತು ತುಂಡು ತುಂಡು, ಆ ಕಡೆ ಮಗಳ ಕ್ಲಾಸ್ ವಿಡಿಯೋ ಸುತ್ತುತ್ತಾನೇ ಇದೆ, ರೌಟರ್ ನೋಡಿದ್ರೆ ಎಲ್ಲಾ ಲೈಟೂ ಹಸಿರು, ಕೆಂಪು ಲೈಟ್ ಒಂದೂ ಇಲ್ಲ, ಸ್ಪೀಡ್ ಟೆಸ್ಟ್ ಹಾಕಿದ್ರೆ ಮುಳ್ಳು 1 ದಾಟಲ್ಲ. ಫೋನ್ ಮಾಡಿದ್ರೆ ರೌಟರ್ ಆಫ್ ಮಾಡಿ ಆನ್ ಮಾಡಿ ಅಂತಾರೆ. ಒಂದನೇ ತಾರೀಖು ತಾನಾಗೇ ಸರಿಹೋಯ್ತು. ಮುಂದಿನ ತಿಂಗಳೂ ಅದೇ ಗೋಳು. ಆಗ ಅನುಮಾನ ಬಂದು ಅವರ ವೆಬ್‌ಸೈಟಲ್ಲಿ ಲಾಗಿನ್ ಆಗಿ ನೋಡಿದ್ರೆ ಅಲ್ಲಿತ್ತು, 500 ಜಿಬಿ ತನಕ 100 ಎಂಬಿಪಿಎಸ್, ಆಮೇಲೆ 1. ಕಸ್ಟಮರ್ ಕೇರ್‌ನವರನ್ನ ಕೇಳಿದ್ರೆ "ನೆಟ್ ನಿಂತಿಲ್ವಲ್ಲ ಸರ್, ಡೇಟಾ ಅನ್‌ಲಿಮಿಟೆಡೇ, ಸ್ಪೀಡ್‌ಗೆ ಮಾತ್ರ ಎಫ್‌ಯುಪಿ" ಅಂದ್ರು. ಎಫ್‌ಯುಪಿ ಅಂದ್ರೆ ಫೇರ್ ಯೂಸೇಜ್ ಪಾಲಿಸಿ, ಇಷ್ಟು ಜಿಬಿ ದಾಟಿದ್ರೆ ಸ್ಪೀಡ್ ಇಳಿಸ್ತೀವಿ ಅನ್ನೋ ಷರತ್ತು. ಹೊಟ್ಟೆ ಉರಿದುಹೋಯ್ತು.

ಲೆಕ್ಕ ಹಾಕಿ ನೋಡಿ. 100 ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ 100 ಮೆಗಾಬಿಟ್, 8 ಬಿಟ್ ಸೇರಿದ್ರೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ ಹನ್ನೆರಡೂವರೆ ಎಂಬಿ (ಮೆಗಾಬೈಟ್). ಅವರು ಮಾರಿದ ಸ್ಪೀಡನ್ನ ಪೂರ್ತಿ ಬಳಸಿದ್ರೆ 500 ಜಿಬಿ ಬರೀ 11 ಗಂಟೆಲಿ ಖಾಲಿ. ಆಮೇಲೆ 1 ಎಂಬಿಪಿಎಸಲ್ಲಿ ಒಂದು ಜಿಬಿ ಇಳಿಸೋಕೆ ಎರಡು ಗಂಟೆ ಮೇಲೆ ಬೇಕು. ಲಿಮಿಟ್ ಇಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ, ಒಂದೇ ಲೈನನ್ನ ಎಷ್ಟೋ ಮನೆಗೆ ಹಂಚಿರ್ತಾರೆ, ಯಾರೋ ಒಬ್ರು ಹಗಲೂ ರಾತ್ರಿ ಟೊರೆಂಟಲ್ಲಿ ದೊಡ್ಡ ದೊಡ್ಡ ಫೈಲ್ ಡೌನ್‌ಲೋಡ್ ಹಾಕ್ಕೊಂಡು ಕೂತ್ರೆ ಪಕ್ಕದ ಮನೆಯವ್ರಿಗೆ ಸಿಗಲ್ಲ, ಅರ್ಥ ಆಗುತ್ತೆ. ಆದ್ರೆ 500 ಜಿಬಿ ಪ್ಲಾನ್ ಅಂತಲೇ ಹೇಳಿ ಮಾರಿ, ಬೇಕಾದವ್ರು ತಗೋತಾರೆ. ಕೇಳಿದಾಗ ಇಲ್ಲ ಅಂದು ದುಡ್ಡು ಈಸ್ಕೊಂಡ್ಮೇಲೆ ಇದೆ ಅನ್ನೋದು ಮೋಸ, ಇದಕ್ಕೆ ಬೇರೆ ಹೆಸರಿಲ್ಲ.

ಇದಕ್ಕೆ ರೂಲ್ಸೂ ಇದೆ. 2016ರ ಅಕ್ಟೋಬರಲ್ಲೇ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್ ನಿರ್ದೇಶನ ಕೊಟ್ಟಿದೆ, ಲಿಮಿಟ್ ಎಷ್ಟು, ದಾಟಿದ್ಮೇಲೆ ಸ್ಪೀಡ್ ಎಷ್ಟು ಅಂತ ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸ್ಬೇಕು, ಬಳಕೆ ಶೇ. 50, 90, 100 ಮುಟ್ಟಿದಾಗ ಮೆಸೇಜೋ ಇಮೇಲೋ ಕಳಿಸ್ಬೇಕು, 512 ಕೆಬಿಪಿಎಸ್‌ಗಿಂತ (ಸುಮಾರು ಅರ್ಧ ಎಂಬಿಪಿಎಸ್) ಕೆಳಗೆ ಇಳಿಸಬಾರದು. ನಮಗೆ ಒಂದು ಮೆಸೇಜೂ ಬಂದಿಲ್ಲ. ಇನ್ನೊಂದು ವಿಷಯ, 2023ರ ಜನವರಿಲಿ ಟೆಲಿಕಾಂ ಇಲಾಖೆ ಕನಿಷ್ಠ 2 ಎಂಬಿಪಿಎಸ್ ಇದ್ರೇನೇ ಬ್ರಾಡ್‌ಬ್ಯಾಂಡ್ ಅಂತ ವ್ಯಾಖ್ಯಾನ ಬದಲಿಸಿದೆ. ಅಂದ್ರೆ ತಿಂಗಳ ಕೊನೆಲಿ ನಮಗೆ ಸಿಗ್ತಾ ಇರೋದು ಸರ್ಕಾರದ ಲೆಕ್ಕದಲ್ಲಿ ಬ್ರಾಡ್‌ಬ್ಯಾಂಡೇ ಅಲ್ಲ, ದುಡ್ಡು ಮಾತ್ರ ಅದರದ್ದೇ!

ಈಗಾಗ್ಲೇ ಸಿಕ್ಕಾಕೊಂಡಿರೋರು ಬರೀ ಫೋನಲ್ಲಿ ಜಗಳ ಆಡ್ಬೇಡಿ, ಕಂಪ್ಲೇಂಟ್ ಕೊಟ್ಟು ಡಾಕೆಟ್ ನಂಬರ್ (ದೂರು ದಾಖಲಾದ ನಂಬರ್) ತಗೊಳ್ಳಿ, ಪಾಂಪ್ಲೆಟ್ ಫೋಟೋ, ಸ್ಪೀಡ್ ಟೆಸ್ಟ್ ಸ್ಕ್ರೀನ್‌ಶಾಟ್ ಎಲ್ಲಾ ಇಟ್ಕೊಳ್ಳಿ. ಅಲ್ಲಿ ಆಗ್ಲಿಲ್ಲ ಅಂದ್ರೆ ಕಂಪನಿದೇ ಅಪೀಲು ಪ್ರಾಧಿಕಾರ ಇರುತ್ತೆ. ಗ್ರಾಹಕರ ಸಹಾಯವಾಣಿ 1915ಕ್ಕೂ ಫೋನ್ ಮಾಡಿ. ಟೆಲಿಕಾಂ ವಿಷಯ ಗ್ರಾಹಕರ ಕೋರ್ಟಿಗೆ ಬರಲ್ಲ ಅಂತ ಯಾರಾದ್ರೂ ಹೆದರಿಸಿದ್ರೆ ನಂಬ್ಬೇಡಿ, ಬರುತ್ತೆ ಅಂತ ಸುಪ್ರೀಂ ಕೋರ್ಟ್ 2022ರ ಫೆಬ್ರವರಿಲೇ ಹೇಳಿದೆ, 5 ಲಕ್ಷದೊಳಗಿನ ಕೇಸಿಗೆ ಶುಲ್ಕನೂ ಇಲ್ಲ. ನಾನು ಉಳಿದ ತಿಂಗಳ ದುಡ್ಡು ವಾಪಸ್ ಕೇಳಿ ಅಪೀಲ್ ಹಾಕಿದೀನಿ. ಅಲ್ಲೀವರೆಗೂ ಟಿವಿಲಿ ವಿಡಿಯೋ ಕ್ವಾಲಿಟಿ ಕಮ್ಮಿಗೆ ಇಟ್ಟಿದೀವಿ, ಸಿಸಿಟಿವಿ ಕ್ಲೌಡ್ ಅಪ್‌ಲೋಡೂ ಆಫ್ ಮಾಡಿದೀವಿ, ಯಾಕಂದ್ರೆ ನಮ್ಮ ಪ್ಲಾನಲ್ಲಿ ಅಪ್‌ಲೋಡ್ ಕೂಡ ಆ 500ರಲ್ಲೇ ಸೇರುತ್ತೆ, ನಿಮ್ಮದ್ರಲ್ಲಿ ಹೆಂಗಿದೆ ಅಂತ ಅದನ್ನೂ ಕೇಳಿಟ್ಕೊಳ್ಳಿ.