ಹನಿ ಸೋರದ ಶಾಫ್ಟ್ ಸೀಲ್: ಆರು ವರ್ಷ ಬಳಸಿದ ಮೇಲೆ

ನಮ್ಮ ಹಾಯಿದೋಣಿಯ ಎಂಜಿನ್ ಕೆಳಗೆ ಮೊದಲು ಯಾವಾಗಲೂ ನೀರು ನಿಂತಿರುತ್ತಿತ್ತು. ಪ್ರೊಪೆಲ್ಲರ್ ಶಾಫ್ಟ್ ದೋಣಿಯಿಂದ ಹೊರಗೆ ಹೋಗುವ ಜಾಗದಲ್ಲಿ ನೀರು ತಡೆಯುವ ಹಳೇ ಮಾದರಿಯ ಸ್ಟಫಿಂಗ್ ಬಾಕ್ಸ್ ಇತ್ತು. ಅದರೊಳಗೆ ಗ್ಲ್ಯಾಂಡ್ ಪ್ಯಾಕಿಂಗ್ ಎನ್ನುವ ಹೆಣೆದ ಹಗ್ಗದ ಮೂರು ಸುತ್ತು. ಶಾಫ್ಟ್ ತಿರುಗುವಾಗ ನಿಮಿಷಕ್ಕೆ 2–3 ಹನಿ ಬೀಳಬೇಕು, ಪ್ಯಾಕಿಂಗನ್ನು ತಂಪಾಗಿಡುವುದೇ ಆ ನೀರು. ನಮ್ಮದು ಎಂಜಿನ್ ನಿಲ್ಲಿಸಿದ ಮೇಲೂ ತೊಟ್ಟಿಕ್ಕುತ್ತಿತ್ತು. ನಟ್ ಬಿಗಿ ಮಾಡಿದರೆ ಕೈ ಇಡಲಾಗದಷ್ಟು ಬಿಸಿ, ಸಡಿಲ ಬಿಟ್ಟರೆ ಬಿಲ್ಜ್ (ದೋಣಿಯ ಒಳತಳ) ತುಂಬ ನೀರು. ಹೊಸ ಪ್ಯಾಕಿಂಗ್ ಹಾಕಿದರೂ ಒಂದೇ ಸೀಸನ್ ತಡೆಯುತ್ತಿತ್ತು.

ಕೊನೆಗೆ ಪಿವೈಐ ಕಂಪನಿಯ ಪಿಎಸ್‌ಎಸ್ ಸೀಲ್ ಹಾಕಿದೆ. ಅದು ಕೆಲಸ ಮಾಡುವ ರೀತಿ ಸರಳ. ಶಾಫ್ಟ್ ಹೊರಗೆ ಹೋಗುವ ಕೊಳವೆಗೆ (ಸ್ಟರ್ನ್ ಟ್ಯೂಬ್) ಒಂದು ರಬ್ಬರ್ ಬೆಲ್ಲೋಸ್, ಅಂದರೆ ಮಡಿಕೆ ಮಡಿಕೆಯಾದ ತೋಳು, ಅದರ ತುದಿಯಲ್ಲಿ ಕಾರ್ಬನ್ ಬಳೆ. ಶಾಫ್ಟ್ ಮೇಲೆ ಸ್ಟೇನ್‌ಲೆಸ್ ಸ್ಟೀಲ್ ರೋಟರ್, ಅಂದರೆ ಶಾಫ್ಟಿನ ಜೊತೆ ತಿರುಗುವ ಬಳೆ. ಬೆಲ್ಲೋಸನ್ನು ಸ್ವಲ್ಪ ಅದುಮಿ ರೋಟರನ್ನು ಬಿಗಿದರೆ, ಕಾರ್ಬನ್ ಯಾವಾಗಲೂ ರೋಟರಿಗೆ ಒತ್ತಿಕೊಂಡೇ ಇರುತ್ತದೆ. ನೀರು ನಿಲ್ಲುವುದು ಆ ಎರಡು ನುಣುಪು ಮುಖಗಳ ನಡುವೆ. ಶಾಫ್ಟಿನ ಮೈಯನ್ನು ಏನೂ ಉಜ್ಜುವುದಿಲ್ಲ.

ಸೀಲ್ ಕೂರಿಸಲು ಅರ್ಧ ದಿನ ಸಾಕಾಯಿತು. ಶಾಫ್ಟನ್ನು ಗೇರ್‌ಬಾಕ್ಸಿಗೆ ಜೋಡಿಸುವ ಕಪ್ಲಿಂಗ್ ಬಿಚ್ಚಲು ಎರಡು ದಿನ ಹಿಡಿಯಿತು! ದೋಣಿಯನ್ನು ನೀರಿನಿಂದ ಮೇಲೆತ್ತಿ, ಶಾಫ್ಟನ್ನು ಕಪ್ಲಿಂಗಿನಿಂದ ಹೊರಗೆ ಎಳೆಯದೆ ಈ ಸೀಲ್ ಒಳಗೆ ಹೋಗುವುದಿಲ್ಲ. ವರ್ಷಗಟ್ಟಲೆ ತುಕ್ಕು ಹಿಡಿದ ಕಪ್ಲಿಂಗ್ ಸುಮ್ನೆ ಬರುತ್ತದೆಯೇ? ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟೆ. ಆಮೇಲೆ ಕಪ್ಲಿಂಗಿನ ಎದುರುಬದುರು ತಟ್ಟೆಗಳಾದ ಎರಡು ಫ್ಲ್ಯಾಂಜ್‌ಗಳ ನಡುವೆ ಶಾಫ್ಟಿಗಿಂತ ಸಣ್ಣ ಸಾಕೆಟ್ ಇಟ್ಟು, ಉದ್ದನೆಯ ಬೋಲ್ಟ್ ಹಾಕಿ, ಎಲ್ಲ ಬೋಲ್ಟನ್ನೂ ಸ್ವಲ್ಪ ಸ್ವಲ್ಪವೇ ಸಮನಾಗಿ ಬಿಗಿದೆ. ಹಾಗೆ ಮಾಡಿದಾಗಲೇ ಶಾಫ್ಟ್ ಹಿಂದಕ್ಕೆ ಸರಿದದ್ದು. ಸುತ್ತಿಗೆಯಿಂದ ಮಾತ್ರ ಹೊಡೆಯಬೇಡಿ, ಏಟು ನೇರ ಗೇರ್‌ಬಾಕ್ಸ್ ಬೇರಿಂಗಿಗೆ ಹೋಗುತ್ತದೆ. ಮತ್ತೆ ಈ ಪಾಡು ಬೇಡ ಅಂತ ಹೊಸದಾಗಿ, ಬೋಲ್ಟ್ ಸಡಿಲಿಸಿದರೆ ಬಿಟ್ಟುಕೊಳ್ಳುವ ಸ್ಪ್ಲಿಟ್ ಕಪ್ಲಿಂಗ್ ಹಾಕಿಬಿಟ್ಟೆ.

ಶಾಫ್ಟ್ ಹೊರಗೆ ಬಂದಾಗ ಹಳೇ ಸೋರಿಕೆಯ ಕಾರಣವೂ ಕಂಡಿತು. ಪ್ಯಾಕಿಂಗ್ ಕೂರುವ ಜಾಗದಲ್ಲಿ ಶಾಫ್ಟ್ ಸವೆದು ಉಗುರಿಗೆ ಸಿಗುವಷ್ಟು ಗೀರು ಬಿದ್ದಿತ್ತು. ಹೊಸ ರೋಟರ್ ಅದಕ್ಕಿಂತ ಮುಂದೆ, ಒಳ್ಳೆಯ ಜಾಗದಲ್ಲಿ ಕೂತಿತು. ಶಾಫ್ಟ್ ಹೊರಗಿದ್ದಾಗಲೇ, ಅದನ್ನು ಪ್ರೊಪೆಲ್ಲರ್ ಕಡೆ ಹಿಡಿದಿಡುವ, ಸವೆದಿದ್ದ ಕಟ್‌ಲೆಸ್ ಬೇರಿಂಗನ್ನೂ ಬದಲಿಸಿದೆ. ಅದು ಸವೆದಿದ್ದರೆ ಶಾಫ್ಟ್ ಅಲುಗಾಡುತ್ತದೆ, ಆಗ ಎಂಥ ಸೀಲ್ ಹಾಕಿದರೂ ನಿಲ್ಲುವುದಿಲ್ಲ.

ರೋಟರಿನ ಒಳಗೆ ಓ-ರಿಂಗ್ ಎನ್ನುವ ರಬ್ಬರ್ ಬಳೆಗಳು ಇರುತ್ತವೆ. ಶಾಫ್ಟಿನ ಕೀವೇ, ಅಂದರೆ ಕೀಲಿ ಕೂರುವ ತೋಡಿನ ಅಂಚು, ಅವನ್ನು ಬ್ಲೇಡಿನ ಹಾಗೆ ಕೊಯ್ಯುತ್ತದೆ, ಆದ್ದರಿಂದ ಟೇಪ್ ಸುತ್ತಿಕೊಂಡು ರೋಟರನ್ನು ದಾಟಿಸಿ. ರೋಟರಿನ ಪ್ರತಿ ತೂತಿಗೂ ಎರಡು ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ), ಒಂದರ ಹಿಂದೆ ಇನ್ನೊಂದು. ಎರಡನೆಯದು ಮೊದಲನೆಯದನ್ನು ಕದಲದಂತೆ ಹಿಡಿಯುತ್ತದೆ. ಒಮ್ಮೆ ಬಿಚ್ಚಿದ ಸ್ಕ್ರೂ ಮತ್ತೆ ಹಾಕಬಾರದು. ನಾನು ಇನ್ನೊಂದು ಕೆಲಸ ಮಾಡಿದೆ: ರೋಟರಿಗೆ ತಾಗಿಸಿ, ಎಂಜಿನ್ ಕಡೆಗೆ, ಶಾಫ್ಟಿನ ಮೇಲೆ ಒಂದು ಕಾಲರ್ ಬಿಗಿದೆ. ಸ್ಕ್ರೂ ಸಡಿಲವಾಗಿ ರೋಟರ್ ಜಾರಿದರೆ ಮುಖಗಳು ಬಿಟ್ಟುಕೊಂಡು ನೀರು ನುಗ್ಗುತ್ತದೆ. ಕಾಲರ್ ಇದ್ದರೆ ಜಾರಲು ಜಾಗವೇ ಇಲ್ಲ. ಇದನ್ನು ಹಾಕಿದ ಮೇಲೆಯೇ ನಾನು ನೆಮ್ಮದಿಯಾಗಿ ದೋಣಿ ಬಿಟ್ಟು ಮನೆಗೆ ಹೋಗಿದ್ದು.

ಕಾರ್ಬನ್‌ಗೆ ಬರುವ ಗಾಳಿ ಪೈಪನ್ನು (ಸೀಲ್ ಒಳಗಿನ ಗಾಳಿ ಹೊರಹೋಗುವ ದಾರಿ) ನೀರಿನ ಮಟ್ಟಕ್ಕಿಂತ 60 ಸೆಂಟಿಮೀಟರ್ ಮೇಲಕ್ಕೆ, ದೋಣಿಯ ನಡುಗೆರೆಯ ಹತ್ತಿರವೇ ಒಯ್ದೆ. ಹಾಯಿದೋಣಿ ವಾಲುತ್ತದೆ ಅಲ್ವಾ, ಪಕ್ಕಕ್ಕೆ ಕಟ್ಟಿದರೆ ಪೈಪಿನ ಬಾಯಿ ನೀರಿನ ಮಟ್ಟಕ್ಕೆ ಇಳಿಯಬಹುದು. ಗಾಳಿ ಪೈಪ್ ಇಲ್ಲದ ಸೀಲ್ ಆಗಿದ್ದರೆ ದೋಣಿ ನೀರಿಗಿಳಿದ ತಕ್ಷಣ ಕಾರ್ಬನ್ ಬಳೆಯನ್ನು ಕೈಯಿಂದ ಹಿಂದಕ್ಕೆ ಎಳೆದು, ನೀರು ಚಿಮ್ಮುವವರೆಗೆ ಗಾಳಿ ಬಿಡಬೇಕು. ಒಳಗೆ ಗಾಳಿ ನಿಂತರೆ ಮುಖಗಳು ಒಣಗಿ ಉಜ್ಜಿಕೊಳ್ಳುತ್ತವೆ.

ಎಂಜಿನ್ ಅಲೈನ್‌ಮೆಂಟನ್ನು (ಎಂಜಿನ್ ಮತ್ತು ಶಾಫ್ಟ್ ಒಂದೇ ನೇರದಲ್ಲಿವೆಯೇ ಎಂಬುದನ್ನು) ದೋಣಿ ನೀರಿನಲ್ಲಿ ಎರಡು ದಿನ ನಿಂತ ಮೇಲೆ ನೋಡಿದೆ. 100 ಮಿಲಿಮೀಟರ್ ಕಪ್ಲಿಂಗಿಗೆ 0.1 ಮಿಲಿಮೀಟರ್ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಫ್ಲ್ಯಾಂಜ್ ನಡುವೆ ಎಲ್ಲೂ ತೂರಬಾರದು ಎನ್ನುವ ಲೆಕ್ಕ ಇಟ್ಟುಕೊಂಡೆ.

ಮೊದಲ ಕೆಲವು ಗಂಟೆ ಕಪ್ಪು ಪುಡಿ ಬಂತು. ಅದು ಕಾರ್ಬನ್, ಹೆದರಬೇಕಿಲ್ಲ. ಆಮೇಲೆ ಬಿಲ್ಜ್ ಒಣಗಿತು. ವಾಸನೆ ಹೋಯಿತು. ತಿರುಗುವ ಶಾಫ್ಟ್ ಉಪ್ಪುನೀರು ಎರಚುವುದು ನಿಂತಿದ್ದರಿಂದ ಎಂಜಿನ್ ಮೌಂಟ್‌ಗಳಿಗೆ ಹೊಸ ತುಕ್ಕು ಹಿಡಿದಿಲ್ಲ. ನಾನು ಊಹಿಸದೇ ಇದ್ದ ಲಾಭ ಇನ್ನೊಂದು. ಬಿಲ್ಜ್ ಒಣಗಿದ್ದರೆ ಬೇರೆ ಯಾವ ಸೋರಿಕೆಯೂ ತಕ್ಷಣ ಕಾಣುತ್ತದೆ. ಮೂರನೇ ವರ್ಷ ಒಂದು ಚಮಚ ನೀರು ಕಂಡಿತು. ಹುಡುಕಿದರೆ ಕೂಲಿಂಗ್ ನೀರಿನ ಪಂಪಿನ ಸೀಲ್ ಹೋಗಿತ್ತು. ಮೊದಲಾಗಿದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ.

ತೊಂದರೆ ಒಂದೇ ಸಲ ಆಯಿತು. ದೋಣಿ ನಾಲ್ಕು ತಿಂಗಳು ಕದಲದೆ ನಿಂತಿತ್ತು. ಎಂಜಿನ್ ಚಾಲೂ ಮಾಡಿದಾಗ ರೋಟರಿನ ಸುತ್ತ ಸಣ್ಣ ತುಂತುರು. ಎಂಜಿನ್ ನಿಲ್ಲಿಸಿ, ಕಾರ್ಬನನ್ನು ಹಿಂದಕ್ಕೆ ಎಳೆದು ನೀರು ಹರಿಸಿ, ನಡುವೆ ಸ್ವಚ್ಛ ಬಟ್ಟೆ ಆಡಿಸಿದೆ. ಮುಖದ ಮೇಲೆ ಬೆಳೆದಿದ್ದ ಪಾಚಿ ಹೋಯಿತು, ತುಂತುರೂ ನಿಂತಿತು. ಈಗ ದೋಣಿ ನಿಂತೇ ಇದ್ದರೂ ಎರಡು ವಾರಕ್ಕೊಮ್ಮೆ ಶಾಫ್ಟ್ ತಿರುಗಿಸುತ್ತೇನೆ.

ಹಳೇ ಸ್ಟಫಿಂಗ್ ಬಾಕ್ಸ್ ಕೆಡುವ ಮೊದಲು ಹನಿ ಜಾಸ್ತಿ ಮಾಡಿ ತಿಳಿಸುತ್ತಿತ್ತು. ಬೆಲ್ಲೋಸ್ ಹಾಗಲ್ಲ, ಹರಿದರೆ ಒಮ್ಮೆಲೇ ನೀರು. ಅದಕ್ಕೇ ಪ್ರತಿ ಸಲ ದೋಣಿ ಹತ್ತಿದಾಗ ಟಾರ್ಚ್ ಹಿಡಿದು ಅದರ ಮಡಿಕೆಗಳನ್ನು ಮತ್ತು ಕ್ಲಾಂಪ್‌ಗಳನ್ನು ನೋಡುತ್ತೇನೆ. ಡೀಸೆಲ್ ಅಥವಾ ಎಣ್ಣೆ ಬಿದ್ದರೆ ಆಗಲೇ ಒರೆಸುತ್ತೇನೆ.

ಆರು ವರ್ಷಕ್ಕೊಮ್ಮೆ ಬೆಲ್ಲೋಸ್ ಬದಲಿಸಿ ಎನ್ನುತ್ತದೆ ಕಂಪನಿ. ಈ ಸೀಸನ್ ಬದಲಿಸಿದೆ. ಸ್ಪ್ಲಿಟ್ ಕಪ್ಲಿಂಗ್ ಬೋಲ್ಟ್ ಸಡಿಲಿಸಿದ ಕೂಡಲೇ ಕಳಚಿತು, ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಹಳೇ ಬೆಲ್ಲೋಸ್ ಹೊರಗಿನಿಂದ ಹೊಸದರ ಹಾಗೇ ಇತ್ತು. ಕೈಯಲ್ಲಿ ಹಿಡಿದು ಹಿಗ್ಗಿಸಿ ನೋಡಿದರೆ ಮಡಿಕೆಯ ಒಳಗೆ ಎರಡು ಕಡೆ ಕೂದಲೆಳೆಯಷ್ಟು ಬಿರುಕು.