ವರ್ಚುವಲ್‌ಬಾಕ್ಸ್ ರಿವ್ಯೂ: ನೆಟ್‌ವರ್ಕ್ ಕೈಕೊಟ್ಟಾಗ ಎಷ್ಟು ಸಹಾಯ?

ವರ್ಚುವಲ್‌ಬಾಕ್ಸ್ ಅಂದರೆ ನಮ್ಮ ಲ್ಯಾಪ್‌ಟಾಪ್ ಒಳಗೇ ಇನ್ನೊಂದು ಕಂಪ್ಯೂಟರ್ (ವರ್ಚುವಲ್ ಮೆಷಿನ್, ಚಿಕ್ಕದಾಗಿ ವಿಎಂ) ಓಡಿಸುವ ಸಾಫ್ಟ್‌ವೇರ್. ಅದರಲ್ಲಿ ಉಬುಂಟು ಲಿನಕ್ಸ್ ಹಾಕಿ ಆಯಿತು, ಬೂಟ್ ಕೂಡ ಆಯಿತು, ಆದರೆ ಇಂಟರ್ನೆಟ್ ಬರುತ್ತಿಲ್ಲ. ಇಲ್ಲವೇ ಇಂಟರ್ನೆಟ್ ಇದೆ, ಲ್ಯಾಪ್‌ಟಾಪ್‌ನಿಂದ ವಿಎಂ ಒಳಗೆ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ಲಾಗಿನ್ ಆಗಿ ಕಮಾಂಡ್ ಕೊಡುವುದು) ಆಗುತ್ತಿಲ್ಲ. ವರ್ಚುವಲ್‌ಬಾಕ್ಸ್ ಹಾಕಿಕೊಂಡ ಹೊಸಬರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಹಾಗಾಗಿ ಸ್ಪೀಡು, ಸ್ಕ್ರೀನು, ಶೇರ್ಡ್ ಫೋಲ್ಡರ್ ಎಲ್ಲ ಬಿಟ್ಟು ಬರೀ ನೆಟ್‌ವರ್ಕ್ ಬಗ್ಗೆ ಬರೆಯುತ್ತೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ದುಡ್ಡು ಕೊಡದೆ ನೆಟ್‌ವರ್ಕಿಂಗ್ ಕಲಿಯಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಫ್ಟ್‌ವೇರ್ ನಾನು ನೋಡಿಲ್ಲ, ಏಕೆಂದರೆ ಕನೆಕ್ಷನ್ ಎಲ್ಲಿ ನಿಂತಿದೆ ಅಂತ ಒಂದೊಂದೇ ಹಂತ ಹಿಡಿದು ನೋಡಬಹುದು. ಬೇಜಾರು ಏನೆಂದರೆ, ಆ ದಾರಿಯನ್ನು ಸೆಟ್ಟಿಂಗ್ಸ್ ತಾನಾಗಿ ತೋರಿಸಿಕೊಡುವುದಿಲ್ಲ.

ಹೊಸ ವಿಎಂ ಮಾಡಿದಾಗ ಮೊದಲು ಸಿಗುವುದು ನ್ಯಾಟ್ ಮೋಡ್, ಅಂದರೆ ವಿಎಂ ಲ್ಯಾಪ್‌ಟಾಪ್‌ನ ಹಿಂದೆ ಅಡಗಿಕೊಂಡು ಅದರ ಇಂಟರ್ನೆಟ್ ಬಳಸುತ್ತದೆ. ಅದು ಸರಿಯಾದ ಆಯ್ಕೆಯೇ. ವಿಎಂಗೆ 10.0.2.15 ಅನ್ನುವ ಐಪಿ (ನೆಟ್‌ವರ್ಕ್ ವಿಳಾಸ) ಬರುತ್ತದೆ, ಗೇಟ್‌ವೇ (ಹೊರಗೆ ಹೋಗುವ ಬಾಗಿಲು) 10.0.2.2, ಡಿಎನ್‌ಎಸ್ (ವೆಬ್‌ಸೈಟ್ ಹೆಸರಿನಿಂದ ಐಪಿ ಹುಡುಕಿಕೊಡುವುದು) 10.0.2.3. ಎರಡನೇ ವಿಎಂ ಶುರು ಮಾಡಿದರೆ ಅದಕ್ಕೂ ಅದೇ 10.0.2.15 ಬರುತ್ತದೆ. ಐಪಿ ಕಾನ್‌ಫ್ಲಿಕ್ಟ್ ಆಯಿತು ಅಂತ ಗಾಬರಿಯಾಗಬೇಡಿ. ನ್ಯಾಟ್‌ನಲ್ಲಿ ಪ್ರತಿ ವಿಎಂಗೂ ತನ್ನದೇ ಬೇರೆ ನೆಟ್‌ವರ್ಕ್ ಇರುತ್ತದೆ, ಒಂದರ ಕಣ್ಣಿಗೆ ಇನ್ನೊಂದು ಬೀಳುವುದಿಲ್ಲ. ಎರಡು ವಿಎಂ ಪರಸ್ಪರ ಮಾತಾಡಬೇಕಾದರೆ ನ್ಯಾಟ್ ನೆಟ್‌ವರ್ಕ್ ಅನ್ನುವ ಇನ್ನೊಂದು ಮೋಡ್ ಇದೆ. ಇವೆರಡರ ವ್ಯತ್ಯಾಸವನ್ನು ಮೋಡ್ ಆರಿಸುವ ಪಟ್ಟಿಯಲ್ಲೇ ಒಂದು ಸಾಲು ಬರೆದಿದ್ದರೆ ಎಷ್ಟೋ ಜನರ ಸಮಯ ಉಳಿಯುತ್ತಿತ್ತು ಅಲ್ವಾ?

ನೆಟ್ ಬರದಿದ್ದರೆ ಸುಮ್ನೆ ರೀಇನ್‌ಸ್ಟಾಲ್ ಮಾಡಲು ಹೋಗಬೇಡಿ. ವಿಎಂ ಒಳಗಿಂದ ಮೊದಲು 10.0.2.2ಕ್ಕೆ ಪಿಂಗ್ ಮಾಡಿ (ಆ ವಿಳಾಸ ಉತ್ತರ ಕೊಡುತ್ತದಾ ಅಂತ ನೋಡುವ ಕಮಾಂಡ್). ಉತ್ತರ ಬರದಿದ್ದರೆ ತೊಂದರೆ ವಿಎಂನಲ್ಲೇ ಇದೆ: ಐಪಿ ಸಿಕ್ಕಿಲ್ಲ, ಅಥವಾ ಅಡಾಪ್ಟರ್ ಸೆಟ್ಟಿಂಗ್‌ನಲ್ಲಿ ಕೇಬಲ್ ಕನೆಕ್ಟೆಡ್ ಅನ್ನುವ ಟಿಕ್ ಹೋಗಿದೆ. ಉತ್ತರ ಬಂದರೆ ಇಂಟರ್ನೆಟ್‌ನಲ್ಲಿರುವ ಗೂಗಲ್ ಸರ್ವರ್ 8.8.8.8ಕ್ಕೆ ಪಿಂಗ್ ಮಾಡಿ, ಅದು ನಿಂತರೆ ಲ್ಯಾಪ್‌ಟಾಪ್‌ನ ಇಂಟರ್ನೆಟ್ ಅಥವಾ ಫೈರ್‌ವಾಲ್ ನೋಡಿ. ಎರಡೂ ಸರಿ ಇದ್ದು ವೆಬ್‌ಸೈಟ್ ಹೆಸರು ಮಾತ್ರ ತೆರೆಯದಿದ್ದರೆ ಅದು ಡಿಎನ್‌ಎಸ್ ಸಮಸ್ಯೆ. ಲ್ಯಾಪ್‌ಟಾಪ್‌ನಲ್ಲಿ ಆಫೀಸಿನ ವಿಪಿಎನ್ ಆನ್ ಆದಾಗ ಹೀಗಾಗುವುದು ಜಾಸ್ತಿ, ಆಗ ಹೆಸರು ಹುಡುಕುವ ಕೆಲಸವನ್ನು ಲ್ಯಾಪ್‌ಟಾಪ್‌ಗೇ ಒಪ್ಪಿಸುವ ಆಯ್ಕೆ ವರ್ಚುವಲ್‌ಬಾಕ್ಸ್‌ ಜೊತೆ ಬರುವ ವಿಬಾಕ್ಸ್‌ಮ್ಯಾನೇಜ್ ಕಮಾಂಡ್‌ನಲ್ಲಿದೆ. ನ್ಯಾಟ್‌ನಲ್ಲಿ ಟ್ರೇಸ್‌ರೂಟ್ (ಪ್ಯಾಕೆಟ್ ಹೋಗುವ ದಾರಿ ತೋರಿಸುವ ಕಮಾಂಡ್) ಹೇಳುವುದನ್ನು ಮಾತ್ರ ಪೂರ್ತಿ ನಂಬಬೇಡಿ.

ಇನ್ನು ಹೊರಗಿಂದ ಒಳಗೆ ಬರುವ ವಿಷಯ. ನ್ಯಾಟ್‌ನಲ್ಲಿ ಲ್ಯಾಪ್‌ಟಾಪ್‌ನಿಂದ ವಿಎಂಗೆ ನೇರ ದಾರಿ ಇಲ್ಲ, ಪೋರ್ಟ್ ಫಾರ್ವರ್ಡಿಂಗ್ ಹಾಕಬೇಕು. ಅಂದರೆ ಲ್ಯಾಪ್‌ಟಾಪ್‌ನ ಒಂದು ಪೋರ್ಟ್ ನಂಬರನ್ನು ವಿಎಂನ ಒಂದು ಪೋರ್ಟ್‌ಗೆ ಜೋಡಿಸಬೇಕು. ಲ್ಯಾಪ್‌ಟಾಪ್‌ನ 2222 ಅನ್ನು ವಿಎಂನ 22ಕ್ಕೆ ಜೋಡಿಸಿದರೆ ಎಸ್‌ಎಸ್‌ಎಚ್ ಆಗುತ್ತದೆ. ವಿಎಂ ಓಡುತ್ತಿರುವಾಗಲೇ ಇದನ್ನು ಸೇರಿಸಬಹುದು, ಇದು ನನಗೆ ತುಂಬಾ ಇಷ್ಟ. ಆದರೆ ವೆಬ್ ಸರ್ವರ್‌ಗೆ ಫಾರ್ವರ್ಡಿಂಗ್ ಹಾಕಿದ ಮೇಲೂ ಪೇಜ್ ಬರದಿದ್ದರೆ, ಆ ಸರ್ವರ್ 127.0.0.1ರಲ್ಲಿ (ವಿಎಂ ತನ್ನೊಳಗೇ ಬಳಸುವ ವಿಳಾಸ) ಮಾತ್ರ ಕೇಳಿಸಿಕೊಳ್ಳುತ್ತಿದೆಯಾ ನೋಡಿ. ಹೊರಗಿನ ಪ್ಯಾಕೆಟ್ ಬಂದು ಸೇರುವುದು 10.0.2.15ಕ್ಕೆ, ಹಾಗಾಗಿ ಸರ್ವರ್ 0.0.0.0ರಲ್ಲಿ, ಅಂದರೆ ವಿಎಂನ ಎಲ್ಲ ವಿಳಾಸಗಳಲ್ಲೂ ಕೇಳಬೇಕು. ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಸಾಮಾನ್ಯ ಯೂಸರ್ ಆಗಿದ್ದರೆ 1024ಕ್ಕಿಂತ ಕೆಳಗಿನ ಪೋರ್ಟನ್ನು ಲ್ಯಾಪ್‌ಟಾಪ್ ಕಡೆ ಇಟ್ಟುಕೊಳ್ಳಲು ಆಗುವುದಿಲ್ಲ, 80ರ ಬದಲು 8080 ಹಾಕಿ.

ವಿಎಂ ಅನ್ನು ಮನೆ ಅಥವಾ ಆಫೀಸಿನ ನೆಟ್‌ವರ್ಕ್‌ಗೇ ಬೇರೆ ಕಂಪ್ಯೂಟರ್‌ನಂತೆ ಸೇರಿಸುವ ಬ್ರಿಡ್ಜ್ಡ್ ಮೋಡ್‌ಗೆ ನಾನು ಅಷ್ಟು ಮಾರ್ಕ್ಸ್ ಕೊಡುವುದಿಲ್ಲ. ಕೇಬಲ್ ಹಾಕಿದ ನೆಟ್‌ವರ್ಕ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ವೈಫೈಯಲ್ಲಿ ಕಾರ್ಡ್ ಮತ್ತು ಡ್ರೈವರ್ ನೋಡಿಕೊಂಡು ನಡೆಯುತ್ತದೆ ಅಥವಾ ಇಲ್ಲ. ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರ್) ರಿಜಿಸ್ಟರ್ ಮಾಡಿದರೆ ಮಾತ್ರ ಬಿಡುವ ಹಾಸ್ಟೆಲ್, ಕಾಲೇಜು, ಆಫೀಸ್ ನೆಟ್‌ವರ್ಕ್‌ಗಳಲ್ಲಂತೂ ವಿಎಂಗೆ ಐಪಿ ಸಿಗದಿದ್ದರೆ ಆಶ್ಚರ್ಯ ಇಲ್ಲ.

ನನ್ನ ಸಲಹೆ, ಎರಡು ಅಡಾಪ್ಟರ್ ಹಾಕಿ: ಒಂದು ನ್ಯಾಟ್, ಇನ್ನೊಂದು ಹೋಸ್ಟ್‌ ಓನ್ಲಿ. ಮೊದಲನೆಯದು ಇಂಟರ್ನೆಟ್‌ಗೆ, ಎರಡನೆಯದು ಲ್ಯಾಪ್‌ಟಾಪ್ ಮತ್ತು ವಿಎಂ ನಡುವೆ, ವೈಫೈ ಬದಲಾದರೂ ಇದಕ್ಕೆ ಏನೂ ಆಗುವುದಿಲ್ಲ. ಸಾಮಾನ್ಯವಾಗಿ ಲ್ಯಾಪ್‌ಟಾಪ್‌ಗೆ 192.168.56.1 ಇರುತ್ತದೆ, ವಿಎಂಗಳಿಗೆ ಅದೇ ಸಾಲಿನ ಐಪಿ ಬರುತ್ತದೆ. ಉಬುಂಟು ಸರ್ವರ್‌ನಲ್ಲಿ ಎರಡನೇ ಅಡಾಪ್ಟರ್ ಆಮೇಲೆ ಸೇರಿಸಿದರೆ ಇಎನ್‌ಪಿ0ಎಸ್8 ಅಂತ ಕಾಣಿಸುತ್ತದೆ ಆದರೆ ಐಪಿ ಇರುವುದಿಲ್ಲ, ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲಾನ್ ಫೈಲ್‌ನಲ್ಲಿ ಅದಕ್ಕೂ ಡಿಎಚ್‌ಸಿಪಿ (ಐಪಿಯನ್ನು ತಾನಾಗಿ ಪಡೆಯುವ ವ್ಯವಸ್ಥೆ) ಬರೆಯಬೇಕು. ಲಿನಕ್ಸ್, ಮ್ಯಾಕ್ ಲ್ಯಾಪ್‌ಟಾಪ್‌ಗಳಲ್ಲಿ 6.1.28 ವರ್ಷನ್‌ನಿಂದ ಈಚೆಗೆ ಹೋಸ್ಟ್‌ ಓನ್ಲಿಗೆ ಬೇಕಾದ ಐಪಿ ಎಲ್ಲ ಕೊಡಲು ಬಿಡುವುದಿಲ್ಲ, 192.168.56.0/21ರ ಒಳಗೇ, ಅಂದರೆ 192.168.56.0ರಿಂದ 192.168.63.255ರ ನಡುವೆಯೇ ಇರಬೇಕು. ಹಳೆಯ ಟ್ಯುಟೋರಿಯಲ್ ನೋಡಿ ಬೇರೆ ನಂಬರ್ ಹಾಕಿದರೆ ಎರರ್ ಬರುವುದು ಇದಕ್ಕೇ. ಬೇರೆ ರೇಂಜ್ ಬೇಕೇಬೇಕು ಅಂದರೆ ವಿಬಾಕ್ಸ್‌ನ ನೆಟ್‌ವರ್ಕ್ಸ್ ಕಾನ್ಫ್ ಫೈಲ್‌ನಲ್ಲಿ ಬರೆದು ಅನುಮತಿ ಕೊಡಬಹುದು.

ವಿಎಂ ಕ್ಲೋನ್ (ನಕಲು) ಮಾಡುವಾಗ ಹೊಸ ಮ್ಯಾಕ್ ಅಡ್ರೆಸ್ ಕೊಡುವ ಆಯ್ಕೆ ಆರಿಸಿ. ಆರಿಸಿದ ಮೇಲೂ ಹೋಸ್ಟ್‌ ಓನ್ಲಿಯಲ್ಲಿ ಎರಡು ಉಬುಂಟು ಸರ್ವರ್‌ಗಳಿಗೆ ಒಂದೇ ಐಪಿ ಬರುತ್ತಿದ್ದರೆ ಅದು ವರ್ಚುವಲ್‌ಬಾಕ್ಸ್‌ನ ತಪ್ಪಲ್ಲ, ಉಬುಂಟು ತನ್ನ ಮೆಷಿನ್ ಐಡಿಯಿಂದ ಡಿಎಚ್‌ಸಿಪಿ ಗುರುತು ಮಾಡಿಕೊಳ್ಳುತ್ತದೆ, ಕ್ಲೋನ್‌ನಲ್ಲಿ ಆ ಐಡಿ ಹಾಗೇ ನಕಲಾಗಿರುತ್ತದೆ.

ಇಷ್ಟೆಲ್ಲ ನೋಡಿದರೂ ಗೊತ್ತಾಗದಿದ್ದರೆ ನಿಕ್‌ಟ್ರೇಸ್ ಇದೆ. ಇದನ್ನು ಆನ್ ಮಾಡಿದರೆ ವಿಎಂ ಅಡಾಪ್ಟರ್‌ನಲ್ಲಿ ಬಂದು ಹೋಗುವ ಎಲ್ಲ ಪ್ಯಾಕೆಟ್ ಒಂದು ಫೈಲ್‌ಗೆ ಸೇರುತ್ತವೆ, ಪ್ಯಾಕೆಟ್ ಬಿಡಿಸಿ ತೋರಿಸುವ ವೈರ್‌ಶಾರ್ಕ್ ಸಾಫ್ಟ್‌ವೇರ್‌ನಲ್ಲಿ ತೆರೆದು ನೋಡಬಹುದು. ವಿಎಂ ಒಳಗೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಡಿಎಚ್‌ಸಿಪಿ ಕೇಳಿದ್ದು ಕಾಣುತ್ತದೆ, ಉತ್ತರ ಬಂತೋ ಇಲ್ಲವೋ ಕಾಣುತ್ತದೆ. ಪುಸ್ತಕದಲ್ಲಿ ಓದಿದ ಪಾಠ ಕಣ್ಣೆದುರೇ ನಡೆಯುವುದನ್ನು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಒಮ್ಮೆಯಾದರೂ ನೋಡಲೇಬೇಕು. ಇಷ್ಟು ಒಳ್ಳೆಯದನ್ನು ಕಮಾಂಡ್ ಲೈನ್‌ನಲ್ಲಿ ಇಟ್ಟಿದ್ದಾರೆ. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲೇ ಇದಕ್ಕೊಂದು ಬಟನ್ ಕೊಟ್ಟರೆ ಐದಕ್ಕೆ ಐದು ಕೊಡುತ್ತೇನೆ, ಸದ್ಯಕ್ಕೆ ನಾಲ್ಕು.